ತಂತಿಯ ತುದಿಯ ದೀಪ

ಪುಟ ಮತ್ತೆ ನಿಂತುಹೋಯಿತು.

ಪರದೆಯ ನಡುವೆ ಪುಟ್ಟ ಚಕ್ರವೊಂದು ಸುತ್ತಿತು, ಸುತ್ತುತ್ತಲೇ ಇತ್ತು. ಕೊನೆಗೆ ಅದೇ ಹಳೇ ರಾಗ: 'ಸಮಯ ಮೀರಿದೆ. ಸರ್ವರ್ ಉತ್ತರಿಸುತ್ತಿಲ್ಲ.'

"ನೋಡಿದ್ರಾ ಮಾರಿಟ್? ನಾನು ಒಂದು ಕೀ ಕೂಡ ಮುಟ್ಟಿಲ್ಲ," ಅಂದಳು ಐಲಾ.

"ನೋಡಿದೆ ಕಣೇ. ನೋಡಿ ನೋಡಿ ಕಣ್ಣೇ ಬತ್ತಿಹೋಯ್ತು."

ತಮಾಷೆಗೆ ಹೇಳಿದ್ದಲ್ಲ. ಟೆಲಿಫೋನ್ ಕಂಪನಿಯಲ್ಲಿ ಆಯುಸ್ಸಿನ ಅರ್ಧ ಸವೆಸಿ ನಿವೃತ್ತಳಾದವಳು ನಾನು. ಈಗ ಈ ಉತ್ತರ ಮಿನೆಸೋಟದಲ್ಲಿ ಎಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ನನ್ನನ್ನು ಕರೆಯುತ್ತಾರೆ, ನಾನು ಹೋಗಿ ರಮಿಸಬೇಕು. ಸಿಟ್ಟಿನ ಗಂಡನನ್ನಾದರೂ ರಮಿಸಬಹುದು. ಈ ಪುಟದ ಮುಂದೆ ವಾರವಿಡೀ ಕೂತು ನನಗೆ ಸಾಕುಬೇಕಾಗಿತ್ತು.

ಆದರೆ ಎದ್ದು ಹೋಗುವಂತಿರಲಿಲ್ಲ. ಲಿಂಡಾಲ್ ಕೌಂಟಿಯ ಈ ತುರ್ತು ಕರೆ ಕೇಂದ್ರದ ಎದುರಿಗಿರುವ ಸರೋವರದ ಮಂಜುಗಡ್ಡೆಯ ಮೇಲೆ, ಮೀನು ಹಿಡಿಯುವ ತನ್ನ ಮರದ ಗೂಡಿನಲ್ಲಿ, ಮುದುಕ ಆಸ್ಮಂಡ್ ಒಲೆಯ ಹೊಗೆಗೆ ಉಸಿರುಕಟ್ಟಿ ಸತ್ತಿದ್ದ. ಸಾಯುವ ಮುಂಚೆ ಸಹಾಯಕ್ಕಾಗಿ ಮತ್ತೆ ಮತ್ತೆ ಫೋನ್ ಮಾಡಿದ್ದ. ಒಂದು ಕರೆಯೂ ಇಲ್ಲಿಗೆ ತಲುಪಲಿಲ್ಲ. ಕರೆಗಳನ್ನು ಹೊತ್ತು ತರುವ ಸರ್ವರ್ ಅದೇ ಹೊತ್ತಿಗೆ ನೆಲಕಚ್ಚಿತ್ತು.

ಅದು ನೆಲಕಚ್ಚಿದೆ ಎಂದು ಕೆಂಪು ಬಣ್ಣದಲ್ಲಿ ಕೂಗಿ ಹೇಳುವುದೇ ಈ ಪುಟದ ಕೆಲಸ. ಅದನ್ನು ನೋಡಿದವರು ಕರೆಗಳನ್ನು ಪಕ್ಕದ ಕೌಂಟಿಗೆ ತಿರುಗಿಸಬೇಕು. ಆಗಲೂ ಪುಟ ಹೀಗೇ ನಿಂತುಬಿಟ್ಟಿತ್ತು ಎನ್ನುವುದು ಅಂದು ಒಬ್ಬಳೇ ಪಾಳಿಯಲ್ಲಿದ್ದ ಐಲಾಳ ಮಾತು. ಪುಟ ಚೆನ್ನಾಗಿಯೇ ಇತ್ತು, ಆಕೆ ನೋಡಲಿಲ್ಲ ಎನ್ನುವುದು ಅದನ್ನು ಮಾರಿದ ಕಂಪನಿಯ ಮಾತು. ಇವತ್ತು ಮಧ್ಯಾಹ್ನ ಮೇಲ್ಮಹಡಿಯ ಸಭಾಂಗಣದಲ್ಲಿ ವಿಚಾರಣೆ. ಯಾರ ಮಾತು ನಿಲ್ಲುತ್ತದೆ ಎಂಬುದರ ಮೇಲೆ ಐಲಾಳ ಕೆಲಸ ನಿಂತಿತ್ತು. ಕೆಲಸಕ್ಕಿಂತ ಹೆಚ್ಚಾಗಿ, ಈ ಊರಿನಲ್ಲಿ ಇನ್ನು ಮುಂದೆ ಅವಳು ತಲೆಯೆತ್ತಿ ದಿನಸಿ ಅಂಗಡಿಗೆ ಹೋಗಬಹುದೋ ಇಲ್ಲವೋ ಎಂಬುದೂ.

ಅವಳು ಕಿಟಕಿಯ ಪಕ್ಕದ ಮೂಲೆಯಲ್ಲಿ ಕೂತು ಹೆಣೆಯುತ್ತಿದ್ದಳು. ಕರೆ ತೆಗೆದುಕೊಳ್ಳುವ ಕುರ್ಚಿಯಲ್ಲಿ ಈಗ ಪಕ್ಕದ ಕೌಂಟಿಯಿಂದ ಎರವಲು ತಂದ ಹೆಂಗಸು. ಐಲಾಳ ತಲೆಯ ಮೇಲೆ ಕಿವಿ ಮುಚ್ಚುವ ಹಳದಿ ಟೋಪಿ, ನೆತ್ತಿಯಲ್ಲಿ ಹಸಿರು ಉಣ್ಣೆಯ ದೊಡ್ಡ ಚೆಂಡು. ಅಜ್ಜಿ ಫಿನ್‌ಲ್ಯಾಂಡಿನಿಂದ ತಂದ ಹೆಣಿಗೆಯಂತೆ. ಇಡೀ ಕೌಂಟಿಯಲ್ಲಿ ಇಂಥ ಟೋಪಿ ಇನ್ನೊಂದಿಲ್ಲ ಎಂದು ನಾನೇ ಎಷ್ಟೋ ಸಲ ಛೇಡಿಸಿದ್ದೆ.

"ಒಳಗೂ ಟೋಪಿ ಯಾಕೆ?"

"ಚಳಿಗಲ್ಲ, ಧೈರ್ಯಕ್ಕೆ," ಅಂದಳು. "ಮಾರಿಟ್, ನಿಜ ಹೇಳಿ. ನಿಮಗೂ ನನ್ನ ಮೇಲೆ ಅನುಮಾನ ಇದೆಯಾ?"

"ಆವತ್ತು ನೀನು ಕುರ್ಚಿ ಬಿಟ್ಟು ಎದ್ದಿರಲಿಲ್ಲ ತಾನೆ?"

"ಬಾತ್‌ರೂಮಿಗೂ ಹೋಗಿರಲಿಲ್ಲ."

"ಹಾಗಾದ್ರೆ ಅನುಮಾನ ಇಲ್ಲ."

ಬಾಗಿಲು ತೆರೆದುಕೊಂಡಿತು. ಒಳಗೆ ಬಂದವನು ಕೇಂದ್ರದ ನಿರ್ದೇಶಕ ಲೈಲ್. ಬೋಳು ತಲೆ, ಬರಿ ತಲೆ, ಬೇಯಿಸಿದ ಬೀಟ್‌ರೂಟಿನಂಥ ಎರಡು ಕಿವಿಗಳು. ಹೊರಗೆ ಮೂಗಿನ ಕೂದಲೂ ಹೆಪ್ಪುಗಟ್ಟುವ ಚಳಿ ಬಿದ್ದಿತ್ತು.

"ಟೋಪಿ ಎಲ್ಲಿ ಲೈಲ್? ಕಿವಿ ಉದುರಿ ಕೈಗೆ ಬಂದೀತು," ಅಂದೆ.

"ಕಾರಿನಿಂದ ಬಾಗಿಲಿಗೆ ನಾಲ್ಕು ಹೆಜ್ಜೆ, ಅದಕ್ಕೂ ಟೋಪಿ ಬೇಕೇನ್ರೀ?" ಅವನು ಐಲಾಳ ಕಡೆ ನೋಡಲಿಲ್ಲ. "ನಿಮ್ಮ ವರದಿ ಎಲ್ಲಿಗೆ ಬಂತು?"

"ಪುಟ ನಿಲ್ಲುತ್ತೆ. ಯಾಕೆ ಅಂತ ಗೊತ್ತಾಗಿಲ್ಲ."

"ಕಂಪನಿಯವರು ಬಂದು ಒಂದು ವಾರ ಕೂತಿದ್ರು. ಒಂದು ಸಲಾನೂ ನಿಲ್ಲಲಿಲ್ಲ. ನೀವು ಬಂದಾಗ ಮಾತ್ರ ನಿಲ್ಲುತ್ತಾ?"

"ನನ್ನ ಮುಖ ನೋಡಿದ್ರೆ ಹಾಗಾಗುತ್ತೆ ಅಂತ ಕಾಣುತ್ತೆ."

ಲೈಲ್ ನಗಲಿಲ್ಲ. "ನೌಕರರ ಸಂಘ ನಿಮ್ಮನ್ನ ಕರೆಸಿದೆ ಅಂತ ಸುಮ್ಮನಿದ್ದೀನಿ. ಕಾರಣ ಸಿಗದಿದ್ರೆ ಸಿಗಲಿಲ್ಲ ಅಂತ ಬರೆದುಬಿಡಿ ಮಾರಿಟ್. ಎಲ್ಲರಿಗೂ ಸಾಕಾಗಿದೆ. ನಿಮಗೂ ಸಾಕಾಗಿದೆ, ಕಾಣ್ತಾ ಇದೆ."

ಅದು ಮಾತ್ರ ಅಪ್ಪಟ ನಿಜ. ಅವನು ಹೋದ ಮೇಲೆ ನಾನು ನೀರುನೀರಾದ ಕಾಫಿ ಹಿಡಿದು ಕಿಟಕಿಯ ಬಳಿ ನಿಂತೆ. ಬರೆದುಬಿಟ್ಟರೆ ಏನಾಗುತ್ತದೆ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಟುಕೊಂಡು ಮಲಗಬಹುದಿತ್ತು.

ಕಿಟಕಿಯ ಹೊರಗೆ ಪಾರ್ಕಿಂಗ್ ಜಾಗ. ಕಾರುಗಳೆಲ್ಲ ಕಂಬಗಳಿಗೆ ಮೂಗು ತಾಗಿಸಿ ನಿಂತಿದ್ದವು. ಪ್ರತಿ ಕಂಬದಿಂದ ಕಾರಿನ ಮೂತಿಗೆ ಒಂದು ತಂತಿ. ಎಂಜಿನ್ನಿಗೆ ಶಾಖ ಕೊಡದಿದ್ದರೆ ಸಂಜೆ ಕಾರು ಏಳುವುದಿಲ್ಲ. ನಾನೂ ಬೆಳಿಗ್ಗೆ ಬಂದವಳೇ ನನ್ನ ಮುದಿ ಕಾರಿಗೆ ತಂತಿ ಚುಚ್ಚಿದ್ದೆ. ನನ್ನ ತಂತಿಯ ತುದಿಯಲ್ಲಿ ಕಡಲೆಕಾಳಿನಷ್ಟು ಕೆಂಪು ದೀಪವಿದೆ. ವಿದ್ಯುತ್ ಹರಿಯುವಾಗ ಉರಿಯುತ್ತದೆ.

ಉರಿಯುತ್ತಿತ್ತು. ನೋಡುತ್ತಿದ್ದಂತೆ ಆರಿತು.

ನಮ್ಮ ಕೌಂಟಿಯ ಜಿಪುಣತನ ಇದು. ಕಂಬಗಳಿಗೆ ಯಾವಾಗಲೂ ವಿದ್ಯುತ್ ಬಿಡುವುದಿಲ್ಲ. ಚಳಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮಾತ್ರ, ಅದೂ ಸ್ವಲ್ಪ ಹೊತ್ತು ಬಿಟ್ಟು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸಂಜೆ ಕಾರು ಎದ್ದರೆ ಸಾಕು.

"ಪುಟ ಬಂತು," ಅಂದಳು ಐಲಾ ಬೆನ್ನ ಹಿಂದೆ.

ನಾನು ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. "ಏನಂದೆ?"

"ಪುಟ ತೆರೆದುಕೊಂಡಿತು. ಎಲ್ಲಾ ಹಸಿರು."

ನಾನು ಕದಲಲಿಲ್ಲ. ಕಿಟಕಿಯ ಹೊರಗೆ ಆ ಸತ್ತ ದೀಪವನ್ನೇ ನೋಡುತ್ತ ನಿಂತೆ. ಮೊಣಕಾಲು ನೋಯತೊಡಗಿತು. ಐಲಾ ಒಂದು ಸಾಲು ಹೆಣೆದಳು, ಇನ್ನೊಂದು ಹೆಣೆದಳು. ಕಾಫಿ ತಣ್ಣಗಾಯಿತು. ಬಹಳ ಹೊತ್ತಿನ ಮೇಲೆ ದೀಪ ಹೊತ್ತಿಕೊಂಡಿತು.

"ಈಗ ನೋಡು."

"ಚಕ್ರ ಸುತ್ತುತ್ತಾ ಇದೆ," ಐಲಾ ಅಂದಳು. ಅವಳ ಸೂಜಿಗಳು ನಿಂತವು. "ಮಾರಿಟ್, ನಿಮಗೆ ಹೇಗೆ ಗೊತ್ತಾಯ್ತು?"

ಕಂಪನಿಯವರು ಬಂದ ವಾರ ಬಿಸಿಲು ಬಿದ್ದು ಹಿಮ ಕರಗಿತ್ತು. ಕಂಬಗಳಲ್ಲಿ ವಿದ್ಯುತ್ತೇ ಇರಲಿಲ್ಲ. ಅವರು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಹೋದರು. ಆಸ್ಮಂಡ್ ಸತ್ತ ದಿನ ಇಂದಿಗಿಂತ ಕೆಟ್ಟ ಚಳಿಯಿತ್ತು.

ಕೋಟು ಹಾಕಿಕೊಂಡು ಹೊರಗೆ ಹೋದೆ.

ಸಾಲಿನ ಕೊನೆಯ ಕಂಬದ ಎದುರು ಕಾರಿರಲಿಲ್ಲ. ಕಾರು ನಿಲ್ಲದ ಕಂಬಕ್ಕೂ ಒಂದು ತಂತಿ ಚುಚ್ಚಿತ್ತು. ಅದು ಹಿಮದ ಕೆಳಗೆ ನುಸುಳಿ, ಗೋಡೆಯ ಪಕ್ಕ ಹರಿದು, ಉಗ್ರಾಣದ ಕಿಟಕಿಯ ಸಂದಿಯಲ್ಲಿ ಒಳಗೆ ಹೋಗಿತ್ತು.

ಉಗ್ರಾಣದಲ್ಲಿ ನೆಲ ಒರೆಸುವ ಬಕೆಟ್ಟುಗಳು, ಮುರಿದ ಕುರ್ಚಿಗಳು, ಡಿಸೆಂಬರಿನಿಂದ ಯಾರೂ ಮಡಚಿಡದ ಪ್ಲಾಸ್ಟಿಕ್ಕಿನ ಕ್ರಿಸ್ಮಸ್ ಮರ. ಮರದ ಹಿಂದೆ, ಕಿಟಕಿಗೆ ಮುಖಮಾಡಿ ಒಂದು ಕ್ಯಾಮೆರಾ. ಅದರ ಕೆಳಗೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯಿಂದ ಹೊರಟ ಕೇಬಲ್ ನೇರವಾಗಿ ಗೋಡೆಯಲ್ಲಿದ್ದ ನೆಟ್‌ವರ್ಕ್ ಕಿಂಡಿಗೆ ಸೇರಿತ್ತು.

ನನ್ನ ಲ್ಯಾಪ್‌ಟಾಪ್ ತೆರೆದು ಪೆಟ್ಟಿಗೆಗೆ ಜೋಡಿಸಿ ಅದರ ನೆಟ್‌ವರ್ಕ್ ವಿಳಾಸ ಕೇಳಿದೆ. ಅದು ಕೊಟ್ಟ ವಿಳಾಸ ನನಗೆ ಬಾಯಿಪಾಠವಾಗಿತ್ತು. ಐಲಾಳ ಪುಟವಿರುವ ಯಂತ್ರದ ವಿಳಾಸವೂ ಅದೇ.

ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರು ಬರೆದರೆ ಅಂಚೆಯವನು ಏನು ಮಾಡಿಯಾನು? ಯಾರು ಮೊದಲು ಬಾಗಿಲು ತೆರೆದರೋ ಅವರ ಕೈಗೆ ಕಾಗದ ಕೊಟ್ಟು ಹೋಗುತ್ತಾನೆ. ಪುಟವನ್ನು ಕೇಳಿ ಐಲಾ ಕಳಿಸಿದ ಕೋರಿಕೆಗಳೆಲ್ಲ ಈ ಡಬ್ಬಿಗೆ ಬಂದು ಬೀಳುತ್ತಿದ್ದವು. ಅದಕ್ಕೆ ಅವು ಅರ್ಥವಾಗುತ್ತಿರಲಿಲ್ಲ, ಸುಮ್ಮನಿರುತ್ತಿತ್ತು. ಅತ್ತ ಚಕ್ರ ಸುತ್ತುತ್ತಿತ್ತು.

ಖುಷಿಯಾಗಬೇಕಿತ್ತು. ನೆಲದ ಮೇಲೆ ಕೂತುಬಿಟ್ಟೆ, ಅಷ್ಟೇ. ಆಗ ಕಂಡದ್ದು ಕೇಬಲ್ಲಿನ ಗಂಟು. ಪ್ಲಾಸ್ಟಿಕ್ ಪಟ್ಟಿಯಿಂದ ಅಲ್ಲ, ಮಂಜುಗಡ್ಡೆಯ ಮೇಲೆ ಹಾಕಿ ಆಡುವ ಬೂಟಿನ ಹಳೆಯ ಲೇಸಿನಿಂದ ಬಿಗಿದ ಗಂಟು. ಈ ಕಟ್ಟಡದಲ್ಲಿ ಕೇಬಲ್ಲುಗಳನ್ನು ಹಾಗೆ ಕಟ್ಟುವವನು ಒಬ್ಬನೇ, ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವರ್ನ್. ವಾರವಿಡೀ ನನ್ನ ಪಕ್ಕದಲ್ಲಿ ಕೂತು, ನಾನು ಕೇಳಿದ ಕಡತವನ್ನೆಲ್ಲ ತಂದುಕೊಟ್ಟು, ಹೆಂಡತಿ ಮಾಡಿದ ನಿಂಬೆ ಬಾರ್ ಎಂಬ ಸಿಹಿತಿಂಡಿ ತಿನ್ನಿಸಿದ್ದವನು.

ಫೋನ್ ಮಾಡಿ ಕರೆದೆ. ಬಂದ. ನಾನು ತೋರಿಸುವ ಮೊದಲೇ ಅವನ ಕಣ್ಣು ನೇರವಾಗಿ ಕ್ರಿಸ್ಮಸ್ ಮರದ ಹಿಂದಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಬಾಗಿಲು ಹಾಕು ವರ್ನ್."

ಹಾಕಿದ.

"ಇದು ನಿನ್ನದೇ ಅಲ್ವಾ?"

"ಆಸ್ಮಂಡ್ ಕೇಳಿದ್ದ," ಅಂದ. "ಕಾರಿನ ಪಂದ್ಯಕ್ಕೆ."

ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರತಿ ಚಳಿಗಾಲ ನಮ್ಮೂರಿನ ಸ್ವಯಂಸೇವಕ ಅಗ್ನಿಶಾಮಕದವರು ಎಂಜಿನ್ ಕಿತ್ತ ಗುಜರಿ ಕಾರೊಂದನ್ನು ಮಂಜುಗಡ್ಡೆಯ ಮೇಲೆ ನಿಲ್ಲಿಸುತ್ತಾರೆ. ವಸಂತದಲ್ಲಿ ಅದು ಯಾವ ದಿನ ಮುಳುಗುತ್ತದೆ ಎಂದು ಊರೆಲ್ಲ ಪಂದ್ಯ ಕಟ್ಟುತ್ತದೆ. ಪಂದ್ಯದ ಯಜಮಾನಿಕೆ ಆಸ್ಮಂಡನದು. ಕಾರಿನ ಪಕ್ಕದಲ್ಲೇ ಗೂಡು ಹೂಡಿ, ಮೀನು ಹಿಡಿಯುತ್ತ, ಕಾರು ಕಾಯುತ್ತ ಕೂರುತ್ತಿದ್ದ.

"ಕಾರು ಮುಳುಗೋದು ಎಲ್ಲರೂ ಮನೆಯಲ್ಲೇ ಕೂತು ನೋಡ್ಲಿ ಅಂದ. ಮಾರ್ಚ್ ಬಂದ ಮೇಲೆ ಊರಿಗೆ ತೋರಿಸೋಣ, ಅಲ್ಲಿವರೆಗೆ ಗುಟ್ಟು ಅಂದ. ಹೊರಗಿನ ಒಂದು ಸಾಮಾನೂ ನಮ್ಮ ನೆಟ್‌ವರ್ಕಿಗೆ ಸೇರಿಸಬಾರದು ಅಂತ ಲೈಲ್ ಆಜ್ಞೆ. ಅದಕ್ಕೆ ಬಚ್ಚಿಟ್ಟೆ. ಇಲ್ಲಿ ಒಳಗಡೆ ಪ್ಲಗ್ ಇಲ್ಲ, ಕಂಬದಿಂದ ಎಳೆದೆ."

"ವಿಳಾಸ?"

"ಖಾಲಿ ಇದೆ ಅಂದ್ಕೊಂಡೆ. ಪರೀಕ್ಷೆ ಮಾಡಿದಾಗ ಯಾರೂ ಉತ್ತರ ಕೊಡ್ಲಿಲ್ಲ. ಪುಟದ ಯಂತ್ರಾನ ಆವತ್ತು ಕಂಪನಿಯವರು ರಿಪೇರಿಗೆ ಅಂತ ಆಫ್ ಮಾಡಿದ್ರು, ನನಗೆ ಗೊತ್ತಿರಲಿಲ್ಲ."

"ಸರಿ, ತಪ್ಪಾಯ್ತು. ತಪ್ಪು ಎಲ್ಲರಿಂದಲೂ ಆಗುತ್ತೆ." ನನ್ನ ದನಿ ಏರತೊಡಗಿತ್ತು. "ಪುಟ ಯಾಕೆ ನಿಲ್ಲುತ್ತೆ ಅಂತ ನಿನಗೆ ಯಾವಾಗ ಗೊತ್ತಾಯ್ತು?"

ಅವನು ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತ. "ಆಸ್ಮಂಡ್ ಸತ್ತ ಮಾರನೇ ದಿನ."

"ಮಾರನೇ ದಿನ! ಅಂದ್ರೆ ನಾನು ಒಂದು ವಾರ ಆ ಚಕ್ರ ನೋಡ್ತಾ ಕೂತಾಗ ನೀನು ಪಕ್ಕದಲ್ಲಿ ನಿಂಬೆ ಬಾರ್ ತಿಂತಾ ಇದ್ದೆ. ಅವಳನ್ನ ಊರೆಲ್ಲ ಕೊಲೆಗಾತಿ ಥರ ನೋಡ್ತಾ ಇದೆ ಕಣೋ. ಚರ್ಚಿನಲ್ಲಿ ಅವಳ ಪಕ್ಕ ಯಾರೂ ಕೂರಲ್ಲ. ನಿನ್ನ ಕೆಲಸ ಉಳಿಸ್ಕೊಳ್ಳೋಕೆ ಅವಳನ್ನ ಬಲಿ ಕೊಡ್ತೀಯಾ? ನಾಚಿಕೆ ಆಗಲ್ವಾ?"

"ನನ್ನ ಕೆಲಸ ಹಾಳಾಗಿ ಹೋಗ್ಲಿ!" ವರ್ನ್ ಕೂಗಿದ. ಅವನು ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅವಳಿಗೋಸ್ಕರಾನೇ ಬಾಯಿ ಮುಚ್ಕೊಂಡಿದ್ದೆ."

"ಏನು?"

"ಪೆಟ್ಟಿಗೆ ಕಿತ್ತುಹಾಕಿದ್ರೆ ಪುಟ ಸರಿಹೋಗುತ್ತೆ. ಆಗ ಐಲಾ ಹೇಳಿದ್ದು ಸುಳ್ಳು ಅಂತಾಗುತ್ತೆ. ಪೆಟ್ಟಿಗೆ ತೋರಿಸಿದ್ರೆ ಅದರ ಜೊತೆ ಒಳಗಿರೋ ಚಿತ್ರಾನೂ ಹೊರಗೆ ಬರುತ್ತೆ. ನಾನೇನು ಮಾಡ್ಲಿ ಮಾರಿಟ್? ನೀವೇ ಹೇಳಿ."

"ಯಾವ ಚಿತ್ರ?"

ಅವನು ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು, ಏನೋ ಹುಡುಕಿ, ನನ್ನ ಕಡೆ ತಿರುಗಿಸಿದ. ಆಮೇಲೆ ಮುಖ ಅತ್ತ ಮಾಡಿ ಕೂತ.

ಬಿಳಿಯ ಸರೋವರ. ಗುಜರಿ ಕಾರು. ಅದರ ಪಕ್ಕ ಆಸ್ಮಂಡನ ಗೂಡು. ಗೂಡಿನ ಗೋಡೆಯಿಂದ ಹೊರಗೆ ಚಾಚಿದ ಹೊಗೆಕೊಳವೆ. ಕೊಳವೆಯ ಬಳಿ ಒಬ್ಬರು ನಿಂತಿದ್ದರು, ಬೆನ್ನು ಕ್ಯಾಮೆರಾದ ಕಡೆಗೆ, ಎರಡೂ ಕೈ ಮೇಲೆತ್ತಿ ಕೊಳವೆಯ ಬಾಯಿಗೆ ಇಟ್ಟು. ದಪ್ಪ ಕೋಟು. ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ.

ತಲೆಯ ಮೇಲೆ ಹಳದಿ ಟೋಪಿ. ನೆತ್ತಿಯಲ್ಲಿ ಹಸಿರು ಚೆಂಡು.

ಚಿತ್ರದ ಮೂಲೆಯಲ್ಲಿದ್ದ ತಾರೀಖು ಆಸ್ಮಂಡ್ ಸತ್ತ ದಿನದ್ದೇ. ಹೊತ್ತು, ಆಸ್ಮಂಡನ ಮೊದಲ ಕರೆಗಿಂತ ಸ್ವಲ್ಪ ಮುಂಚೆ.

ಕೊಳವೆಗೆ ಹಿಮ ಕಟ್ಟಿಕೊಂಡಿತ್ತು, ಅದರಿಂದ ಹೊಗೆ ಒಳಗೆ ತುಂಬಿತು ಎಂದು ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫ್ ಬರೆದಿದ್ದರು. ಈ ಕೈಗಳು ಹಿಮವನ್ನು ಕೀಳುತ್ತಿದ್ದವೋ, ತುರುಕುತ್ತಿದ್ದವೋ?

"ಅಳಿಸಿಬಿಡಬಹುದಿತ್ತು," ಅಂದೆ. ನನ್ನ ಬಾಯಿಂದ ಅಂಥ ಮಾತು ಬಂತಲ್ಲ ಎಂದು ನನಗೇ ಅಸಹ್ಯವಾಯಿತು.

"ಬೆರಳು ಇಟ್ಟಿದ್ದೆ. ಒತ್ತೋಕೆ ಆಗಲಿಲ್ಲ. ಆಸ್ಮಂಡ್ ನನಗೆ ಸ್ಕೇಟಿಂಗ್ ಕಲಿಸಿದವನು." ಅವನು ಮೂಗು ಒರೆಸಿಕೊಂಡ. "ಕುರ್ಚಿ ಬಿಟ್ಟು ಎದ್ದಿಲ್ಲ ಅಂತ ಐಲಾ ನಮ್ಮೆಲ್ಲರಿಗೂ ಹೇಳಿದ್ದಾಳೆ. ಸರೋವರ ರಸ್ತೆ ದಾಟಿದ್ರೆ ಸಿಗುತ್ತೆ. ಪುಟ ನೋಡಲಿಲ್ಲ ಅಂದ್ರೆ ಕೆಲಸ ಹೋಗುತ್ತೆ ಅಷ್ಟೇ. ಇದನ್ನ ತೋರಿಸಿದ್ರೆ..."

ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ಎಷ್ಟು ಸಲ ಹಗುರವಾಗಿ ಆಡಿದ್ದೆನೋ. ಪುಟ ನಿಂತಿತ್ತು ಎಂದು ಸಾಬೀತು ಮಾಡುವುದು ಈ ಪೆಟ್ಟಿಗೆಯೊಂದೇ. ಅವಳು ಕುರ್ಚಿಯಲ್ಲಿ ಇರಲಿಲ್ಲ ಎಂದು ಸಾಬೀತು ಮಾಡುವುದೂ ಇದೇ. ಅವಳನ್ನು ನಂಬಿದ್ದೆ. ನಂಬಿದ್ದಕ್ಕೆ ಅವಮಾನವಾಯಿತು, ದುಃಖವೂ ಆಯಿತು.

ಬಾಗಿಲು ತಟ್ಟಿದ ಸದ್ದಾಯಿತು. ಮುಚ್ಚಿಡುವಷ್ಟರಲ್ಲಿ ಐಲಾ ಒಳಗೆ ಬಂದಿದ್ದಳು, ತಲೆಯ ಮೇಲೆ ಅದೇ ಟೋಪಿ.

"ವಿಚಾರಣೆಗೆ ಕರೀತಾ ಇದ್ದಾರೆ. ಕಾರಣ ಸಿಕ್ತಾ?" ನಮ್ಮಿಬ್ಬರ ಮುಖ ನೋಡಿದಳು. "ಏನಾಯ್ತು? ಯಾಕೆ ಹಾಗೆ ನೋಡ್ತೀರಾ?"

ನಾನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಬೇರೆ ಏನು ಮಾಡಬೇಕೆಂದು ಹೊಳೆಯಲಿಲ್ಲ.

ಅವಳು ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು. ಕೈ ತಾನಾಗಿ ನೆತ್ತಿಯ ಚೆಂಡಿಗೆ ಹೋಯಿತು.

"ಇದು ನಾನಲ್ಲ," ಅಂದಳು.

"ಐಲಾ..." ವರ್ನ್ ಶುರುಮಾಡಿದ.

"ನಾನಲ್ಲ ಅಂದೆನಲ್ಲ. ಟೋಪಿ ನಾನು ಹೆಣೆದಿದ್ದೇ, ಒಪ್ಕೊಳ್ತೀನಿ. ಆದ್ರೆ ಎರಡು ಹೆಣೆದಿದ್ದೆ."

"ಇನ್ನೊಂದು ಯಾರಿಗೆ ಕೊಟ್ಟೆ?" ನಾನು ಕೇಳಿದೆ.

"ಡಿಸೆಂಬರಿನಲ್ಲಿ ನಾವೆಲ್ಲ ಉಡುಗೊರೆಗೆ ಚೀಟಿ ಎತ್ತಿದ್ವಲ್ಲ. ಯಾರ ಹೆಸರು ಬಂತು ಅಂತ ಹೇಳಬಾರದು ಅನ್ನೋದು ನಿಯಮ. ನಾನೂ ಹೇಳಲಿಲ್ಲ. ಪೊಟ್ಟಣ ಕಟ್ಟಿ ಇದೇ ಮರದ ಕೆಳಗೆ ಇಟ್ಟೆ."

ನಿಜವೋ, ಆ ಗಳಿಗೆಯಲ್ಲಿ ಹೊಳೆದ ಸುಳ್ಳೋ? ಅವಳ ಮುಖ ಓದಲು ನೋಡಿದೆ. ಯಂತ್ರಗಳನ್ನು ಓದಿ ಸವೆದ ಕಣ್ಣಿಗೆ ಮನುಷ್ಯರು ಬೇಗ ಸಿಗುವುದಿಲ್ಲ.

"ಹೆಸರು ಹೇಳೇ ಐಲಾ," ಅಂದೆ.

ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮತ್ತೆ ತೆರೆದುಕೊಂಡಿತು.

"ಮೇಲೆ ಎಲ್ಲರೂ ಕಾಯ್ತಾ ಇದ್ದಾರೆ, ನೀವಿಲ್ಲಿ..." ಲೈಲ್ ಅರ್ಧಕ್ಕೆ ನಿಂತ. ಅವನ ಕಣ್ಣು ಕಿಟಕಿಯ ಬಳಿಯ ಕ್ಯಾಮೆರಾ ನೋಡಿತು. ಅದರ ದಿಕ್ಕು ಹಿಡಿದು ಸರೋವರದತ್ತ ಹೋಯಿತು, ಆಸ್ಮಂಡನ ಗೂಡಿನ ಮೇಲೆ ನಿಂತಿತು. ಹೊಸ ಕರೆಯಂತ್ರಗಳನ್ನು ಯಾರ ಜೇಬು ತುಂಬಿಸಲು ಕೊಂಡಿರಿ ಎಂದು ಕೌಂಟಿಯ ಪ್ರತಿ ಸಭೆಯಲ್ಲೂ ಎದ್ದು ನಿಂತು ಲೈಲನನ್ನು ಕೇಳುತ್ತಿದ್ದವನು ಆಸ್ಮಂಡ್ ಒಬ್ಬನೇ. ಅದು ನನಗೆ ನೆನಪಾದದ್ದು ಆಗಲೇ.

"ಇದು ಎಷ್ಟು ದಿನದಿಂದ ಇಲ್ಲಿದೆ?" ಲೈಲ್ ಕೇಳಿದ.

ಅವನು ಒಳಗೆ ಬಂದು ಬಾಗಿಲು ಹಾಕಿದ.

"ಅಪ್ಪಣೆ ಇಲ್ಲದೆ ಕೌಂಟಿಯ ನೆಟ್‌ವರ್ಕಿಗೆ ಸೇರಿಸಿದ್ದು. ಇಂಥದ್ದನ್ನ ವಶಕ್ಕೆ ತಗೊಳ್ಳೋ ಅಧಿಕಾರ ನನಗಿದೆ." ಅವನು ಕೈ ಚಾಚಿದ. "ಆ ಪೆಟ್ಟಿಗೆ ಇಲ್ಲಿ ಕೊಡಿ ಮಾರಿಟ್."

ಲ್ಯಾಪ್‌ಟಾಪಿನಲ್ಲಿ ಕಂಡದ್ದೂ ಪೆಟ್ಟಿಗೆಯೊಳಗಿನದೇ, ಚಿತ್ರದ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ನಾನು ಪೆಟ್ಟಿಗೆಯನ್ನು ಎದೆಗವಚಿಕೊಂಡೆ. ಅದು ಬೆಚ್ಚಗಿತ್ತು.

ಐಲಾ ಒಂದು ಹೆಜ್ಜೆ ಮುಂದೆ ಬಂದು, ತನ್ನ ತಲೆಯ ಹಳದಿ ಟೋಪಿಯನ್ನು ನಿಧಾನವಾಗಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

"ನಿಮ್ಮ ಟೋಪಿ ಎಲ್ಲಿ ಲೈಲ್?" ಅಂದಳು.